ಯುಗಾದಿಯೋ ಮಾನೌಮಿಯೋ

ನನ್ನ ತವರುಮನೆಯಲ್ಲಿ ಪರದೇಶದ ಮಾತು ತೆಗೆದವಳು ಅವ್ವ. ಅದೂ ಪ್ಯಾರಿಸ್ಸು, ದುಬೈ ಅಲ್ಲ. "ನನಗ ಅಲ್ಲೀ ಹಳ್ಳಿ ನೋಡಬೇಕಾಗೇತಿ," ಎಂದಳು. ಅಗಡಿಯ ರೈತರ ಮನೆಯಲ್ಲಿ ಹುಟ್ಟಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಗೆ ಸೊಸೆಯಾಗಿ ಬಂದವಳು ಅವಳು. ಅಪ್ಪ ತಾಟಿನಿಂದ ತಲೆ ಎತ್ತದೆಯೇ ನಕ್ಕ. "ಹಳ್ಳಿ ನೋಡಾಕ ವಿಮಾನ ಯಾಕ ಬೇಕು? ಅಗಡಿಗೆ ಬೇಕಾದಷ್ಟು ಬಸ್ ಅದಾವು." ಅವ್ವ ರೊಟ್ಟಿ ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು. ಅಪ್ಪನಿಗೆ ಅರ್ಥವಾಯಿತು. ಮರುವಾರ ನಾವು ಮೂವರೂ ಹಾವೇರಿಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೂತಿದ್ದೆವು.

ಆಫೀಸಿನವನು ಆಸ್ಟ್ರಿಯಾ ದೇಶದ ಒಂದು ಗುಡ್ಡಗಾಡು ಹಳ್ಳಿ ತೋರಿಸಿದ. ಅಲ್ಲಿ ರೈತರ ಮನೆಯಲ್ಲೇ ಉಳಿಯಬಹುದು, ಅವರ ಜೊತೆಗೇ ನಾಷ್ಟಾ. ಅವ್ವನ ಮುಖ ಅರಳಿತು. "ಒಂದs ಮಾತು ನೀವು ಹೇಳಬೇಕ್ರಿ," ಎಂದ ಅವನು. "ಏಪ್ರಿಲ್‌ದಾಗ ಹೋಗ್ತೀರೋ, ಅಕ್ಟೋಬರ್‌ದಾಗ ಹೋಗ್ತೀರೋ? ಏಪ್ರಿಲ್ ಅಂದ್ರ ಹೂವಿನ ಕಾಲ. ಅಕ್ಟೋಬರ್ ಅಂದ್ರ ಎಲಿ ಬಣ್ಣ ತಿರಗೂ ಕಾಲ. ಎರಡೂ ಚಂದ."

"ಅಂದ್ರ ಯುಗಾದಿ ಸುತ್ತಮುತ್ತ, ಇಲ್ಲಾ ಮಾನೌಮಿ ಸುತ್ತಮುತ್ತ," ಎಂದು ಅಪ್ಪ ಲೆಕ್ಕಕ್ಕೆ ತಂದುಕೊಂಡ.

ಏಪ್ರಿಲ್ ಚಿತ್ರಗಳಲ್ಲಿ ಹುಲ್ಲುಗಾವಲು, ಕುರಿಮರಿ, ಬಿಳಿ ಹೂವು ತುಂಬಿದ ಸೇಬಿನ ಗಿಡಗಳು. ಅಪ್ಪ ಅವನ್ನು ಸುಮ್ಮನೆ ದಾಟಿಸಿದ. ಅಕ್ಟೋಬರಿನ ಚಿತ್ರ ಬಂದಾಗ ಮಾತ್ರ ಚಸ್ಮಾ ಹಾಕಿಕೊಂಡು ಮುಂದಕ್ಕೆ ಬಾಗಿದ. ಗುಡ್ಡಕ್ಕೆ ಗುಡ್ಡವೇ ಕೆಂಪಾಗಿತ್ತು. "ಈ ಗಿಡ ನೋಡು, ಖರೇ ಡಬ್ಬಿ ಬಣ್ಣ. ಇದು ಕಡ್ಡಿ. ಇದರಾಗ ಸ್ವಲ್ಪ ಬಿಳಚೇತಿ, ಮಳಿ ಹೊಡದಿರಬೇಕು." ಆಫೀಸಿನವನು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ. ಡಬ್ಬಿ, ಕಡ್ಡಿ ಎಂದರೆ ನಮ್ಮೂರ ಮೆಣಸಿನಕಾಯಿಯ ಜಾತಿಗಳು ಎಂದು ನಾನು ಬಿಡಿಸಿ ಹೇಳಬೇಕಾಯಿತು. ನಮ್ಮಪ್ಪನಿಗೆ ಕೆಂಪು ಕಂಡರೆ ಸಾಕು, ದರ್ಜೆ ಕಟ್ಟಲೇಬೇಕು. ನೆಂಟರ ಮದುವೆಯೊಂದರಲ್ಲಿ ಮದುಮಗಳ ಸೀರೆಗೂ ದರ್ಜೆ ಕಟ್ಟಿ ಅವ್ವನಿಂದ ಚಿವುಟಿಸಿಕೊಂಡಿದ್ದಾನೆ.

"ಅಕ್ಟೋಬರ್ ಬರ್ಕೋರಿ," ಎಂದ ಅಪ್ಪ. ಅವ್ವ ಹುಲ್ಲುಗಾವಲಿನ ಚಿತ್ರವನ್ನು ಮತ್ತೊಮ್ಮೆ ತೆಗೆಸಿ ನೋಡಿದಳು. ವಿಚಾರ ಮಾಡಿ ಹೇಳ್ರಿ, ಗಡಿಬಿಡಿ ಇಲ್ಲ ಎಂದು ಆಫೀಸಿನವನು ಚಹಾ ತರಿಸಿದ.

ಮುಂದಿನ ಭಾನುವಾರ ರಾಣೆಬೆನ್ನೂರಿಗೆ, ಅಪ್ಪನ ಅಕ್ಕನ ಮನೆಗೆ ಹೋದೆವು. ಈ ಅತ್ತೆ ಹಿಂದೊಮ್ಮೆ ಅಕ್ಟೋಬರಿನಲ್ಲೇ ಆ ಕಡೆ ಸುತ್ತಾಡಿ ಬಂದವಳು. ಅವತ್ತಿನಿಂದ ಅವಳ ಮಾತೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. "ಎಲಿ ಉದರೂದು ನೋಡಾಕ ಎರಡು ಕಣ್ಣು ಸಾಲೂದಿಲ್ಲವಾ. ದ್ರಾಕ್ಷಿ ಸುಗ್ಗಿ ನಡದಿರತೈತಿ, ಹವಾ ತಣ್ಣಗ ಇರತೈತಿ, ಮಂದಿ ಕಡಿಮಿ. ಹೂವಿನ್ಯಾಗ ಏನೈತಿ, ಎಲ್ಲಾ ಕಡೆ ಹೂವು ಅದಾವ." ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಎಲಿನೂ ಎಲ್ಲಾ ಕಡೆ ಅದಾವ ಅತ್ತಿ," ಎಂದುಬಿಟ್ಟೆ. ಅವ್ವ ನನ್ನ ಕಡೆ ಕಣ್ಣು ಬಿಟ್ಟಳು. ಅತ್ತೆ ಮಾತ್ರ ನಕ್ಕು, "ಬ್ಯಾಡಗಿ ಕಾಯಿಗೆ ಇಷ್ಟ ಖಾರ ಎಲ್ಲಿಂದ ಬಂತ?" ಎಂದು ನನ್ನ ಗಲ್ಲ ಹಿಂಡಿದಳು.

ಖಾರ ಬರಲಿಕ್ಕೆ ಕಾರಣವಿತ್ತು. ಬಿ.ಕಾಂ. ಮುಗಿಸಿದಾಗಿನಿಂದ ನಾನು ಅಪ್ಪನ ಅಂಗಡಿಯಲ್ಲೇ ಇದ್ದೇನೆ. ಮದುವೆಯಾದ ಮೇಲೂ ಬಿಟ್ಟಿಲ್ಲ. ಗಂಡ ಇದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರ, ಎರಡು ಓಣಿ ಆಚೆಗೆ ನಮ್ಮ ಮನೆ. ಚೀಲ ಇಳಿಸಿಕೊಳ್ಳುವುದು, ರಾಶಿ ಹಾಕಿಸುವುದು, ಖರೀದಿದಾರರು ದರ ಹಾಕುವ ಟೆಂಡರಿನ ಕಂಪ್ಯೂಟರು, ಹಮಾಲರ ಜಗಳ ಬಿಡಿಸುವುದು ಎಲ್ಲ ನನ್ನದೇ. ಆದರೆ ಅಂಗಡಿಗೆ ಬಂದ ರೈತ ಕೇಳುವ ಅಸಲಿ ಮಾತು ಒಂದೇ: "ಮಾರೂಣೋ, ಕೋಲ್ಡಿಗೆ ಹಾಕೂಣೋ?" ಇವತ್ತಿನ ದರಕ್ಕೆ ಕೊಟ್ಟುಬಿಡುವುದೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಒಳ್ಳೆಯ ದರಕ್ಕೆ ಕಾಯುವುದೋ ಎಂದು. ಅವನ ಒಂದು ವರ್ಷದ ದುಡಿತ ಆ ಉತ್ತರದ ಮೇಲೆ ನಿಂತಿರುತ್ತದೆ. ಅದನ್ನು ಕೇಳುವಾಗ ಎಲ್ಲರ ಕಣ್ಣೂ ಗಾದಿಯ ಮೇಲೆ ಕೂತ ಅಪ್ಪನ ಕಡೆಗೆ. ಪಕ್ಕದಲ್ಲಿರುವ ನಾನು ಅವರಿಗೆ ಅಂಗಡಿಯ ಕಂಬ.

ಅಪ್ಪ ಅಕ್ಟೋಬರಿನಲ್ಲಿ ಹೋದರೆ ಇದು ಬದಲಾಗುವುದಿಲ್ಲ. ಆಗ ಹೊಸ ಮಾಲು ಇರುವುದಿಲ್ಲ, ಮಾರ್ಕೆಟ್ ಯಾರ್ಡು ತಣ್ಣಗಿರುತ್ತದೆ, ಅಂಗಡಿಯನ್ನು ಯಾರು ನೋಡಿಕೊಂಡರೂ ನಡೆಯುತ್ತದೆ. ಏಪ್ರಿಲ್ ಅಂದರೆ ಮಾಲಿನ ಸೀಜನ್ನು, ಆಗ ಹೋದರೆ ಗಾದಿಯ ಮೇಲೆ ನಾನು ಕೂಡಬೇಕು, ಉತ್ತರ ನಾನು ಹೇಳಬೇಕು. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಹೂವು ಅವ್ವನಿಗಿರಲಿ, ಸೀಜನ್ನು ನನಗೆ ಸಿಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ.

ರಾಣೆಬೆನ್ನೂರಿನಿಂದ ಬಂದ ಮೇಲೆ ಅಪ್ಪ ಊಟಕ್ಕೆ ಕೂತು, "ಮುಗೀತಲ್ಲ, ಅಕ್ಟೋಬರ್," ಎಂದ. ಅಷ್ಟು ದಿನ ಸುಮ್ಮನಿದ್ದ ಅವ್ವ ಆಗ ಬಾಯಿ ಬಿಟ್ಟಳು.

"ಅಲ್ರೀ, ಮದಿವ್ಯಾಗಿ ಬಂದ ದಿನದಿಂದ ಕೆಂಪs ನೋಡಾಕತ್ತೇನಿ. ಬಾಗಲಾ ತೆಗದ್ರ ಕೆಂಪು, ಅರಿವಿ ಒಣಾ ಹಾಕಿದ್ರ ಕೆಂಪು ಧೂಳು. ಇಷ್ಟ ಖರ್ಚು ಮಾಡಿ ಅಲ್ಲೀಮಟಾ ಹೋಗಿ ಮತ್ತ ಕೆಂಪs ನೋಡಬೇಕನ? ನನಗ ಹಸರು ಬೇಕು. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನನಗ ಒಂದು ಬ್ಯಾಸಗಿನೂ ಬರಲಿಲ್ಲ. ಯುಗಾದಿ ದಿನಾನೂ ಬೇವುಬೆಲ್ಲ ನಿಂತs ತಿಂದು ಅಂಗಡಿಗೆ ಓಡೀರಿ. ಒಂದು ಸಲ ನನ್ನ ಜೋಡಿ ಕುಂತು ತಿಂದೀರೇನು?"

ಅಪ್ಪ ಅನ್ನ ಕಲಸುತ್ತ ಹೇಳಿದ: "ನೀ ಹೇಳೂದು ಖರೇ ಐತಿ. ಆದ್ರ ಸೀಜನ್ದಾಗ ಅಂಗಡಿ ಯಾರು ನೋಡಬೇಕು?"

ನಾನು ಅಲ್ಲೇ ಎದುರಿಗೆ ಕೂತಿದ್ದೆ! ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. ಬಡಿಯಿತು ಅನ್ನುವುದೇನು, ನಾನೇ ಬಡಿದೆ. "ಹಂಗಾರ ನಾ ಇಷ್ಟು ವರ್ಷ ಅಂಗಡ್ಯಾಗ ನೊಣಾ ಹೊಡ್ಯಾಕತ್ತೇನನ ಅಪ್ಪಾ?"

"ಹಂಗಲ್ಲವಾ. ನೀ ಶಾಣ್ಯಾಕಿ. ಆದ್ರ ರೈತರು ನನ್ನ ಮಾರಿ ನೋಡಿ ಮಾಲು ತರ್ತಾರ."

"ಯಾಕ, ನನಗ ಮಾರಿ ಇಲ್ಲನ?"

ಅವ್ವ ಕಿಸಕ್ಕನೆ ನಕ್ಕಳು. ಅಪ್ಪ ಮಾತು ಬೆಳೆಸದೆ ಕೈ ತೊಳೆಯಲು ಎದ್ದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ಆ ವಾರವೆಲ್ಲ ಅವನ ಜೊತೆ ಬೇಕಾದಷ್ಟೇ ಮಾತಾಡಿದೆ.

ಜನವರಿಯಲ್ಲಿ ಹೊಸ ಮಾಲು ಬರತೊಡಗಿತು. ಒಂದು ಬೆಳಿಗ್ಗೆ ಗದಗ ಕಡೆಯ ರೈತನೊಬ್ಬ ಚೀಲ ಬಿಚ್ಚಿಸಿ ಎಂದಿನ ಪ್ರಶ್ನೆ ಕೇಳಿದ. ಅಪ್ಪ ಒಂದು ಹಿಡಿ ಕಾಯಿ ತೆಗೆದುಕೊಂಡವನು, ತಾನು ನೋಡದೆ ನನ್ನ ಕೈಗೆ ಹಾಕಿದ. "ನೀ ಹೇಳು." ಒಂದು ಕಾಯಿ ಆರಿಸಿ ತೆಗೆದೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಬೀಜ ಸಪ್ಪಳ ಮಾಡಲಿಲ್ಲ. ಮುರಿಯಲು ಹೋದರೆ ಬಾಗಿತು. "ಒಳಗ ಹಸಿ ಐತ್ರಿ. ಹಿಂಗs ಕೋಲ್ಡಿಗೆ ಹಾಕಿದ್ರ ಬಣ್ಣ ಕೆಡತೈತಿ. ಬಿಸಲಿಗೆ ಹರವಿ ಒಣಗಿಸಿ, ಮುಂದಿನ ಟೆಂಡರ್‌ಕ ಮಾರಿಬಿಡ್ರಿ," ಎಂದೆ. ರೈತ ಅಪ್ಪನ ಮುಖ ನೋಡಿದ. ಅಪ್ಪ "ಹೂಂ" ಎಂದ, ಅಷ್ಟೇ. ಆ "ಹೂಂ" ನನ್ನ ಮಾತಿಗೋ, ಆ ಹೊತ್ತಿಗೆ ಬಂದ ಚಹಾಕ್ಕೋ ಗೊತ್ತಾಗಲಿಲ್ಲ.

ಸಂಜೆ ಅಪ್ಪ ಹಾವೇರಿಗೆ ಫೋನು ಮಾಡುತ್ತಿದ್ದ. "ಯುಗಾದಿ ಆದ ಮ್ಯಾಲ ಮಾಡ್ರಿ. ಹೌದ್ರಿ, ಹೂವಿಂದು." ಒಳಗೆ ಮೆಣಸಿನಕಾಯಿಯ ಘಾಟಿಗೆ ಅವ್ವನ ಕೆಮ್ಮು ಶುರುವಾಗಿತ್ತು, ಸೀಜನ್ ಬಂತೆಂದರೆ ಅವಳಿಗೆ ಅದು ತಪ್ಪಿದ್ದಲ್ಲ. ಅಪ್ಪ ಮನಸ್ಸು ಬದಲಿಸಿದ್ದು ಆ ಕೆಮ್ಮಿಗೋ, ನನ್ನ ಉತ್ತರಕ್ಕೋ ಎಂದು ಕೇಳಿಯೇಬಿಟ್ಟೆ. "ಅಕ್ಟೋಬರ್‌ದಾಗ ಅಲ್ಲಿ ಮಳಿ ಹಿಡಕೊಂಡ್ರ ಬಿಡೂದಿಲ್ಲಂತ," ಎಂದು ಜಾರಿಕೊಂಡ. ಸುದ್ದಿ ತಿಳಿದ ಅತ್ತೆ ರಾಣೆಬೆನ್ನೂರಿನಿಂದ ಫೋನಿನಲ್ಲೇ ತಮ್ಮನ ಮೈಚಳಿ ಬಿಡಿಸಿದಳು. "ಸೀಜನ್ದಾಗ ಗಾದಿ ಬಿಟ್ಟು ಹೊಂಟೀಯಾ? ತಲಿ ಕೆಟ್ಟೈತೇನು ನಿನಗ?"

ಯುಗಾದಿ ಮುಗಿಸಿ ಅವ್ವ ಅಪ್ಪ ಇಬ್ಬರೂ ಹೋದರು. ಮೂರನೆಯ ದಿನ ಅವ್ವ ವಿಡಿಯೋ ಕಳಿಸಿದಳು. ಇಳಿಜಾರಿನ ತುಂಬ ಹುಲ್ಲು, ಹೂಬಿಟ್ಟ ಸೇಬಿನ ಗಿಡ, ಅದರ ಕೆಳಗೆ ಕಾಲು ಚಾಚಿ ಕೂತ ಅಪ್ಪ. ಅವನ ಪಕ್ಕದಲ್ಲಿ ಬಿಚ್ಚಿಟ್ಟ ಬುತ್ತಿ. ಅವ್ವ ಒಂದು ಸಲವೂ ಕೆಮ್ಮದೆ ಅಷ್ಟುದ್ದ ಮಾತಾಡಿದ್ದನ್ನು ಏಪ್ರಿಲ್ ತಿಂಗಳಲ್ಲಿ ನಾನು ಕೇಳಿದ್ದು ಅದೇ ಮೊದಲು. ಸಂತೋಷಕ್ಕೆ ಅದನ್ನು ಹಮಾಲರಿಗೂ ತೋರಿಸಿದೆ.

ಆದರೆ ಅಂಗಡಿಯಲ್ಲಿ ನನ್ನ ಸಂತೋಷ ಅಷ್ಟಕ್ಕಷ್ಟೇ. ಬಂದವರೆಲ್ಲ ಗಾದಿಯ ಮೇಲಿನ ನನ್ನನ್ನು ನೋಡಿ, "ಸಾವ್ಕಾರ್ರು ಯಾವಾಗ ಬರ್ತಾರ?" ಎನ್ನುವವರೇ. ಮಾರುವವರು ಮಾರಿದರು, ಸಲಹೆ ಮಾತ್ರ ಒಬ್ಬರೂ ಕೇಳಲಿಲ್ಲ. ಆಮೇಲೆ ಹಡಗಲಿ ಕಡೆಯ ಹಿರಿಯರೊಬ್ಬರು ಟ್ರ್ಯಾಕ್ಟರ್ ತುಂಬ ಮಾಲು ತಂದರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅಪ್ಪನಿಗೇ ಮಾಲು ಹಾಕುವವರು. ಅಪ್ಪ ಇಲ್ಲವೆಂದು ತಿಳಿದದ್ದೇ ಚೀಲ ಬಿಚ್ಚಬೇಡಿರೆಂದು ಹಮಾಲರಿಗೆ ಕೈ ಅಡ್ಡ ಹಿಡಿದರು. "ಇದು ವರ್ಷದ ಪೀಕು, ತಂಗೀ. ಸಾವ್ಕಾರ್ರು ಬರೂಮಟಾ ನಾ ಕಾಯ್ತೇನಿ." ಕಾಯ್ರಿ ಕಾಕಾ, ಚಹಾ ಕುಡೀರಿ ಎಂದೆ. ಅವರು ಫೋನು ಹಿಡಿದು ಹೊರಗೆ ಕಟ್ಟೆಯ ಹತ್ತಿರ ಹೋದರು.

ತಿರುಗಿ ಬಂದವರ ಮುಖ ಸಣ್ಣಗಾಗಿತ್ತು.

"ಬೈದ್ರು ತಂಗೀ ನಿಮ್ಮಪ್ಪ. ನಾ ಇಲ್ಲಿ ಹೂವು ನೋಡಾಕ ಬಂದೇನಿ, ನನಗೇನ ಕೇಳ್ತೀಯೋ, ಗಾದಿ ಮ್ಯಾಲ ಕುಂತಾಕಿನ್ನ ಕೇಳು ಅಂದ್ರು. ಆಕಿ ಒಂದು ಮಾತು ಹೇಳಿದ ಮ್ಯಾಲ, ನಾ ಊರಿಗೆ ಬಂದ್ರೂ ಅದನ್ನ ಬದಲ ಮಾಡಂಗಿಲ್ಲ ಅಂದ್ರು."

ನನ್ನೆದುರಿಗೆ ಒಂದು ದಿನವೂ ಇಂಥ ಮಾತು ಆಡಿದವನಲ್ಲ ಅಪ್ಪ. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ. ಹಿರಿಯರು ತಾವೇ ಬಾಗಿ ಒಂದು ಚೀಲದ ಬಾಯಿ ಬಿಚ್ಚಿದರು.

"ಹೇಳ್ರೀ ಸಾವ್ಕಾರ್ತಿ. ಮಾರೂಣೋ, ಕೋಲ್ಡಿಗೆ ಹಾಕೂಣೋ?"

ಚೀಲದ ತಳದವರೆಗೂ ಕೈ ಹಾಕಿ ಕಾಯಿ ತೆಗೆದು ನೋಡಿದೆ. ಮೇಲಿನಷ್ಟೇ ಕೆಳಗೂ ಚೆನ್ನಾಗಿ ಒಣಗಿತ್ತು, ಅಲ್ಲಾಡಿಸಿದರೆ ಬೀಜ ಸಪ್ಪಳ ಮಾಡಿತು. "ಈಗ ಮಾರಬ್ಯಾಡ್ರಿ ಕಾಕಾ, ಕೋಲ್ಡಿಗೆ ಹಾಕ್ರಿ," ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ.