ಮೂರು ಕಂಬ

ನಾನು ಲೈನ್‌ಮನ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಥೆ ಪುಸ್ತಕದ ಹುಚ್ಚು ನನಗಿರಲಿಲ್ಲ. ಆದರೂ ಒಂದು ಕಥೆ, ಅದೂ ಇಂಗ್ಲಿಷಿನದು, ನನ್ನ ಕೊರಳಪಟ್ಟಿ ಹಿಡಿದು ನಿಲ್ಲಿಸಿತು. ಅದನ್ನು ಹೇಳಬೇಕಾದರೆ ಮೊದಲು ನನ್ನ ತಪ್ಪು ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ನನಗೆ ತಿ. ನರಸೀಪುರದಲ್ಲಿ ಕೆಲಸ. ಮೂಗೂರಿನ ಕಡೆಯ ಸಣ್ಣ ಹಳ್ಳಿಗಳಿಗೆ ಆಗಷ್ಟೇ ಕರೆಂಟು ಹೋಗುತ್ತಿತ್ತು. ಹ್ಯಾಂಡಲ್ಲಿಗೆ ತಂತಿಯ ಸುರುಳಿ ನೇತುಹಾಕಿಕೊಂಡು ಸೈಕಲ್ ತುಳಿದು ಹೋದರೆ ಊರಿಗೆ ಊರೇ ಸೇರುತ್ತಿತ್ತು. ಕಂಬದ ಗುಂಡಿಗೆ ಅರಿಸಿನ ಕುಂಕುಮ ಹಾಕಿ ಕಾಯಿ ಒಡೆಯುತ್ತಿದ್ದರು. ಮೊದಲ ಬಲ್ಬು ಹೊತ್ತಿದಾಗ, ಸಂಜೆ ದೀಪಕ್ಕೆ ಮುಗಿಯುವ ಹಾಗೆ, ಬಲ್ಬಿಗೇ ಕೈ ಮುಗಿಯುತ್ತಿದ್ದರು. ಆ ಕೈಗಳೆಲ್ಲ ನನಗೇ ಮುಗಿದವು ಅಂದುಕೊಳ್ಳುವ ವಯಸ್ಸು ನನ್ನದು. ಈಗಲೂ ಆ ದಿನಗಳನ್ನು ನೆನೆದರೆ ಖುಷಿಯಾಗುತ್ತದೆ. ಖುಷಿಯ ಹಿಂದೆಯೇ ನಾಚಿಕೆಯೂ ಬರುತ್ತದೆ.

ಒಂದು ಹಳ್ಳಿಯಲ್ಲಿ ಊರಿನ ಬೀದಿ ಮುಗಿದ ಮೇಲೆ, ಊರಾಚೆಯ ಕೇರಿಗೆ ಮೂರು ಕಂಬ ಮಂಜೂರಾಗಿತ್ತು. ಕೇರಿಯವರು ನಮಗಾಗಿ ಕಾಯದೆ ತಾವೇ ಮೂರು ಗುಂಡಿ ತೋಡಿದ್ದರು. ತೋಡಿಸಿದವಳು ಒಬ್ಬ ಗಂಡನಿಲ್ಲದ ಹೆಂಗಸು. ಅವಳ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು, ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಓದಿ ಮೂಗೆಲ್ಲ ಕಪ್ಪು ಮಾಡಿಕೊಳ್ಳುತ್ತಿದ್ದಳು. ಗುಂಡಿಯ ಅಂಚಿಗೆ ಆ ತಾಯಿ ರಂಗೋಲಿ ಬೇರೆ ಬಿಟ್ಟಿದ್ದಳು.

ಅಂದು ಮಧ್ಯಾಹ್ನ ಊರಿನ ಯಜಮಾನರು ನನ್ನನ್ನು ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಅವರ ಪಂಪ್‌ಸೆಟ್ಟಿನವರೆಗೆ ಲೈನ್ ಎಳೆಯಲು ಮೂರೇ ಕಂಬ ಸಾಕಂತೆ. ನನ್ನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಹುಡುಗನ ಥರ ನೀನು ಎಂದರು. ಅಂಥ ಮನೆಯ ಜಗಲಿಯಲ್ಲಿ ನನ್ನಂಥ ಸಣ್ಣ ನೌಕರನನ್ನು ಅಲ್ಲಿಯವರೆಗೆ ಯಾರೂ ಕೂರಿಸಿರಲಿಲ್ಲ. ನಾನು ಸೋತದ್ದು ಅಷ್ಟಕ್ಕೇ. ಕಂಬಗಳು ಗದ್ದೆಗೆ ಹೋದವು.

ಹೊರಡುವಾಗ ಕೇರಿಯ ಆ ಹೆಂಗಸು ಸೈಕಲ್ಲಿಗೆ ಅಡ್ಡ ನಿಂತು, ಯಾವಾಗ ಸಾ ಎಂದಳು.

"ಕಂಬ ಮುಗಿದೋಯ್ತಮ್ಮ. ಬರೋ ತಿಂಗಳು ತಂದು ಹಾಕ್ತೀವಿ" ಎಂದೆ. ಆಕೆ ನನ್ನ ಮುಖವನ್ನೇ ನೋಡಿ ದಾರಿ ಬಿಟ್ಟಳು. ಅಲ್ಲಿ ಕೆಲಸದಲ್ಲಿರುವವರೆಗೂ ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೆಲವು ವರ್ಷಗಳ ಮೇಲೆ ನಂಜನಗೂಡಿಗೆ ವರ್ಗವಾಯಿತು. ಕಪಿಲಾ ಹೊಳೆಗೆ ಇಳಿಯುವ ಬೀದಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರ ಮನೆ. ಅವರ ಫ್ಯೂಸ್ ಸರಿಮಾಡಲು ಹೋದ ಹೊತ್ತಿಗೆ ಲೋಡ್ ಶೆಡ್ಡಿಂಗ್. ಹಗಲಲ್ಲೇ ಎರಡು ಗಂಟೆ ಹೊತ್ತು. ಕರೆಂಟಿನವನಿಗೇ ಕರೆಂಟಿಲ್ಲ, ಕೂತ್ಕೊಳಯ್ಯ ಎಂದು ನಕ್ಕು, ಕೈಲಿದ್ದ ತೆಳ್ಳನೆಯ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಾ ಹೋದರು.

ಬ್ರಿಟಿಷರ ಕಾಲದ ಕಿರುಕಾದಂಬರಿ ಅದು. ನಾವಿಕನೊಬ್ಬ ಕಂಪನಿಯ ದೋಣಿ ನಡೆಸಿಕೊಂಡು ಆಫ್ರಿಕಾದ ನದಿಯಲ್ಲಿ ಒಳಗೊಳಗೆ ಹೋಗುತ್ತಾನೆ. ಕತ್ತಲ ನಾಡಿಗೆ ಬೆಳಕು ಒಯ್ಯುತ್ತೇವೆ ಎಂದು ಬಿಳಿಯರ ಬಾಯಿಮಾತು. ಕೈ ಮಾತ್ರ ಆನೆದಂತದ ಮೇಲೆ. ಎಲ್ಲರಿಗಿಂತ ಒಳಗೆ ಕೂತಿದ್ದ ಅವರ ದೊಡ್ಡ ಮನುಷ್ಯ, ಜನರಿಂದ ಕೈ ಮುಗಿಸಿಕೊಂಡೂ ಮುಗಿಸಿಕೊಂಡೂ ಕೆಟ್ಟುಹೋಗಿದ್ದ.

"ಕತ್ತಲೆ ಕಾಡಿನದಲ್ಲಯ್ಯ, ಬೆಳಕು ಹೊತ್ಕೊಂಡು ಹೋದವನ ಎದೆಯದ್ದು" ಎಂದರು ಮೇಷ್ಟ್ರು.

ಕೊನೆಗೆ ಆ ದೊಡ್ಡ ಮನುಷ್ಯ ಸಾಯುತ್ತಾನೆ. ಅವನಿಗಾಗಿ ಕಾದಿದ್ದ ಹೆಣ್ಣಿಗೆ ನಾವಿಕ ಹಿತವಾದ ಒಂದು ಸುಳ್ಳು ಹೇಳಿ ಹೊರಟುಬಿಡುತ್ತಾನೆ.

"ಆಮೇಲೆ ಹೋಗಿ ನಿಜ ಹೇಳಲಿಲ್ವೇ ಸಾರ್?"

"ಇಲ್ಲ. ಕಥೆ ಅಲ್ಲಿಗೇ ಮುಗೀತದೆ."

ಅಕ್ಕಪಕ್ಕದ ಮನೆಗಳಿಗೆ ಕರೆಂಟು ಬಂತು. ನಾನು ಫ್ಯೂಸ್ ಹಾಕಿ ಬಂದೆ. ಆ ವಾರವೆಲ್ಲ ಊಟ ಸೇರಲಿಲ್ಲ. ಭಾನುವಾರ ಬೆಳಗಿನ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಸೈಕಲ್ಲಿನಲ್ಲಿ ಆ ಹಳ್ಳಿಗೆ ಹೋದೆ.

ಕೇರಿಗೆ ಲೈನ್ ಬಂದಿತ್ತು, ಬೇರೆ ಯಾರೋ ಹಾಕಿದ್ದು. ಆಕೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಂಬ ಮುಗಿದಿರಲಿಲ್ಲಮ್ಮ, ನಾನೇ ಗದ್ದೆಗೆ ಹಾಕಿಸಿದೆ ಎಂದು ನಿಂತೇ ಹೇಳಿದೆ. ಆಕೆ ತಲೆ ಎತ್ತಲಿಲ್ಲ.

"ನಂಗೊತ್ತಿಲ್ವಾ? ಅದೇ ಗದ್ದೇಲಿ ಕಳೆ ಕೀಳೋಳು ನಾನು ಕಣಪ್ಪ. ದಿನಾ ಆ ಕಂಬದ ನೆಳ್ಳಲ್ಲೇ ರಾಗಿ ಇಟ್ಟು ಉಣ್ತಿದ್ದೆ."

ಮಗಳನ್ನು ಕೇಳಿದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ಮದುವೆಯಾಗಿ ಹೋದಳಂತೆ. ಗುಂಡಿಗೆ ಕುರಿಮರಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಮೂರನ್ನೂ ತಾನೇ ಮುಚ್ಚಿದೆನೆಂದಳು. ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ ಅದೂ ಸಿಗಲಿಲ್ಲ. "ಬಂದಿದ್ದೀಯ, ಆ ಬಲ್ಬು ಮಿಣುಕ್ತದೆ, ನೋಡು" ಎಂದಳು. ಹೋಲ್ಡರ್ ಸಡಿಲವಾಗಿತ್ತು. ಸರಿಮಾಡಿದೆ.

ನಿಜ ಹೇಳಿ ಹಗುರವಾದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಒಂದು ಮಾತು ಉಳಿದಿದೆ. ಅಷ್ಟು ದೂರ ಬಿಸಿಲಲ್ಲಿ ಸೈಕಲ್ ತುಳಿದು ಬಾಯಾರಿತ್ತು. ನೀರು ಬೇಕಾ ಎಂದು ಆಕೆ ಕೇಳಲಿಲ್ಲ. ಅವಳ ಮನೆಯಲ್ಲಿ ನಾನು ಕುಡಿಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ನಾನೂ ಕೇಳಲಿಲ್ಲ. ಮಡಕೆ ಅಲ್ಲೇ ಬಾಗಿಲ ಪಕ್ಕದಲ್ಲಿತ್ತು. ಊರ ಬಾವಿಯವರೆಗೆ ಬಂದು ಕುಡಿದೆ.