ಕೊಕ್ಕೆಯಲ್ಲಿದ್ದ ಅಪ್ಪನ ಮಗ್

ಟೆಕ್ಸಸ್‌ಗೆ ಬರುವ ಮೊದಲು ನಾನು ಎರಡು ವರ್ಷ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿದ್ದೆ. ಒಂದು ಚರ್ಚು, ಮೂವತ್ತೋ ನಲವತ್ತೋ ಮನೆ, ಶತಮಾನಗಳಷ್ಟು ಹಳೆಯ ಒಂದು ಪಬ್ಬು. ನನ್ನನ್ನು ನೋಡಲು ಮೈಸೂರಿನಿಂದ ಬಂದ ಅಪ್ಪ, ಕುಡುಕರ ಸಹವಾಸ ನಮಗೇಕೆ ಎನ್ನುತ್ತಲೇ ದಿನಾ ಅಲ್ಲಿಗೆ ಹೋಗತೊಡಗಿದರು. ಕುಡಿಯುತ್ತಿದ್ದದ್ದು ನಿಂಬೆ ಪಾನಕ. ಅದನ್ನೂ ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುತ್ತಿದ್ದರು. ಯಾರ್ಯಾರ ಎಂಜಲೋ ಎಂಬ ಅನುಮಾನ.

ಇದನ್ನು ನೋಡಿ ನೋಡಿ ಪಬ್ಬಿನ ಯಜಮಾನಿ ಅವರಿಗೇ ಅಂತ ಒಂದು ತವರದ ಮಗ್ ಕೊಟ್ಟಳು. ಅಲ್ಲಿ ಖಾಯಂ ಗಿರಾಕಿಗಳ ಮಗ್ಗುಗಳು ತೊಲೆಯ ಕೊಕ್ಕೆಗಳಲ್ಲಿ ನೇತಾಡುತ್ತಿದ್ದವು, ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮನೆಯ ಪಾತ್ರೆಗಳಿಗೆಲ್ಲ ಹೆಸರು ಹಾಕಿಸಿದ ಅಪ್ಪ ಇದನ್ನು ಬಿಟ್ಟಾರೆಯೇ? ಹಿಡಿಯ ಪಕ್ಕದಲ್ಲಿ ಮೊಳೆಯಿಂದ ತಮ್ಮ ಇನಿಷಿಯಲ್ಲನ್ನು ಕನ್ನಡದಲ್ಲಿ ಕೊರೆದರು. ಆಮೇಲೆ ಅದರಲ್ಲಿ ಮಾತ್ರ ಧಾರಾಳವಾಗಿ ಕಚ್ಚಿ ಕುಡಿದರು. ಪಬ್ಬು ಇರುವವರೆಗೂ ಇದು ಈ ಕೊಕ್ಕೆಯಲ್ಲೇ ಇರುತ್ತದೆ ಎಂದು ಯಜಮಾನಿ ಮಾತು ಕೊಟ್ಟಿದ್ದಳು.

2016ರಲ್ಲಿ ಅಪ್ಪ ಟೆಕ್ಸಸ್ಸಿಗೆ, ರಿಚರ್ಡ್‌ಸನ್ ಊರಿನ ನಮ್ಮ ಮನೆಗೆ ಬಂದರು. ವಾಪಸು ಹೋಗುವಾಗ ಲಂಡನ್ನಿನಲ್ಲಿ ಇಳಿದು, ಆ ಹಳ್ಳಿಯಲ್ಲಿ ಎರಡು ದಿನ ಇದ್ದೇ ಹೋಗುತ್ತೇನೆಂದು ಹಟ ಹಿಡಿದು ಟಿಕೆಟ್ ಮಾಡಿಸಿದ್ದರು. ಯಜಮಾನಿಗೆಂದು ಮೈಸೂರು ಪಾಕಿನ ಡಬ್ಬಿ ಬೇರೆ. ವಿಮಾನ ಸಂಜೆಗೆ. ಮಧ್ಯಾಹ್ನದ ಊಟಕ್ಕೆ ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನಲ್ಲಿ ಹೊಸದೊಂದು ರೆಸ್ಟೋರೆಂಟಿಗೆ ಹೋದೆವು. ಇಂಗ್ಲಿಷ್ ಪಬ್ಬಿನ ವೇಷ ಹಾಕಿಕೊಂಡ ಜಾಗ. ಅಪ್ಪನಿಗೆ ಖುಷಿಯಾಗಲಿ ಎಂದು ನಾನೇ, ಬುದ್ಧಿವಂತೆ, ಆರಿಸಿದ್ದೆ.

ಕೂತು ತಲೆಯೆತ್ತಿದರೆ ತೊಲೆಯ ತುಂಬ ಮಗ್ಗುಗಳು. ಒಂದರ ಹಿಡಿಯ ಪಕ್ಕ ಕನ್ನಡ ಅಕ್ಷರ. ಅಪ್ಪನದೇ ಇನಿಷಿಯಲ್ಲು. ಅಪ್ಪ ನೋಡದಿರಲಿ ಎಂದು ಅವರ ಕೈಗೆ ಮೆನು ತುರುಕಿದೆ. ಅಷ್ಟರಲ್ಲಿ ಅವರೂ ನೋಡಿಯಾಗಿತ್ತು.

ಸಪ್ಲೈ ಮಾಡುವ ಹುಡುಗಿಯನ್ನು ಕೇಳಿದೆ. ಎಲ್ಲ ಅಸಲಿ ಸಾಮಾನು, ಇಂಗ್ಲೆಂಡಿನಿಂದ ಕಂಟೇನರಿನಲ್ಲಿ ಬಂದದ್ದು ಎಂದಳು. ಬೇಕಾದರೆ ಅದರಲ್ಲೇ ಕೊಡುತ್ತೇವೆ, ತುಂಬ ಜನ ಕೇಳಿ ಕುಡಿಯುತ್ತಾರೆ ಎಂದೂ ಸೇರಿಸಿದಳು.

ಅಪ್ಪ ಮೈಸೂರು ಪಾಕಿನ ಡಬ್ಬಿಯಿದ್ದ ಕೈಚೀಲವನ್ನೇ ನೋಡುತ್ತಿದ್ದರು. "ಅವಳು ಮಾತಿಗೆ ತಪ್ಪೋ ಹೆಂಗಸಲ್ಲ. ಅಲ್ಲಿ ಬಾಗ್ಲು ಹಾಕಿರಬೇಕು ಕಣೇ," ಎಂದರು. ಸ್ವಲ್ಪ ಹೊತ್ತಾದ ಮೇಲೆ ನಿಂಬೆ ಪಾನಕವನ್ನು ಆ ಮಗ್ಗಿನಲ್ಲೇ ತರಲು ಹೇಳೆಂದರು.

ಬಂತು. ಅಪ್ಪ ಆ ಅಕ್ಷರಗಳ ಮೇಲೆ ಒಮ್ಮೆ ಹೆಬ್ಬೆರಳಾಡಿಸಿದರು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ತುಟಿ ತಾಗಿಸದೆ, ಎತ್ತಿ ಕುಡಿದರು.