ಅವ್ವನಿಗೆ ಹೇಗೆ ಹೇಳುವುದು?

“ಇದರಾಗ ಅವ್ವಗ ಹೆಂಗ ಹೇಳೂದು ಅಂತ ಎಲ್ಲೈತ್ರಿ?” ನನ್ನ ಫೋನಿನಿಂದ ತಲೆಯೆತ್ತಿ ಆಕೆ ಕೇಳಿದಾಗ ನಾನು ತಬ್ಬಿಬ್ಬಾದೆ.

ಆಗ ನಾನು ಲಂಡನ್ನಿನಲ್ಲಿ, ವೃತ್ತಿ ಬದಲಿಸಬೇಕೆನ್ನುವ ಯುವಜನರಿಗಾಗಿ ಒಂದು ಮೊಬೈಲ್ ಆ್ಯಪ್ ವಿನ್ಯಾಸ ಮಾಡುತ್ತಿದ್ದೆ. ಅದನ್ನು ಬಳಸಿ ನೋಡಲು ಒಪ್ಪಿ ಬಂದಿದ್ದ ಸವಿತಾ ಧಾರವಾಡದವಳು, ಲಂಡನ್ನಿನಲ್ಲಿ ವಕೀಲೆ. ಕೊಲಿಂಡೇಲ್ ಸ್ಟೇಷನ್ ಪಕ್ಕದ ಕೆಫೆಯಲ್ಲಿ ಕೂತಿದ್ದೆವು. ಯಾವ ಕೆಲಸ ಬೇಕು ಎಂದು ಆ್ಯಪ್ ಕೇಳಿದ ಕಡೆ ಆಕೆ ‘ಟ್ಯೂಬ್ ರೈಲಿನ ಡ್ರೈವರ್’, ಅಂದರೆ ಲಂಡನ್ನಿನ ನೆಲದಡಿಯ ಮೆಟ್ರೋ ಓಡಿಸುವ ಕೆಲಸ, ಎಂದು ಬರೆದಿದ್ದಳು. ಕುತೂಹಲ ತಡೆಯಲಾರದೆ ಯಾಕೆಂದು ಕೇಳಿದೆ.

“ಕೊನೀ ಸ್ಟೇಷನ್ ಬಂತಂದ್ರ ಕೆಲಸ ಮುಗೀತು ನೋಡ್ರಿ. ನನ್ನ ಕೇಸು ಮುಗಿಯೂದೇ ಇಲ್ಲ,” ಎಂದು ನಕ್ಕಳು.

ತರಬೇತಿ, ಸಂಬಳ, ಸಂದರ್ಶನ ಎಲ್ಲಕ್ಕೂ ಆ್ಯಪ್‌ನಲ್ಲಿ ಉತ್ತರವಿತ್ತು. ಅವ್ವನಿಗೆ ಹೇಳುವುದಕ್ಕೆ ಇರಲಿಲ್ಲ. “ನಾನೇ ನಿಮ್ಮವ್ವ ಅಂದ್ಕೊಳ್ಳಿ, ಹೇಳಿ ನೋಡೋಣ” ಎಂದೆ. ಹೇಳಲು ಹೋದವಳ ಕಣ್ಣು ತುಂಬಿತು. ಸ್ವಲ್ಪ ಸುಧಾರಿಸಿಕೊಂಡು, ಏನನ್ನಿಸಿತೋ, ನೇರವಾಗಿ ಊರಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಬಯ್ಗುಳ ಬರುತ್ತದೆಂದು ಇಬ್ಬರೂ ಕಾದೆವು.

“ಅಲ್ಲವ್ವಾ ಸವಿತಾ, ಕೊನೀ ಸ್ಟೇಷನ್‌ನ್ಯಾಗ ಅಷ್ಟುದ್ದ ರೈಲು ಹೆಂಗ ತಿರುಗಸ್ತಾರ?”

ಸವಿತಾ ಅಳುತ್ತಲೇ ನಕ್ಕಳು. “ಗೊತ್ತಿಲ್ಲವ್ವಾ, ಕಲತು ಹೇಳ್ತೀನಿ.”

ಮುಂದೆ ಆಕೆಗೆ ಆ ಕೆಲಸವೇ ಸಿಕ್ಕಿತು. ನಾನಾದರೋ, ಆ ದಿನದವರೆಗೆ ಆ್ಯಪ್ ಬಳಸುವವರೆಲ್ಲ ಒಂಟಿಯಾಗಿಯೇ ನಿರ್ಧರಿಸುತ್ತಾರೆ ಎಂದುಕೊಂಡಿದ್ದೆ. ಈಗ ಯಾರಾದರೂ ಕೆಲಸ ಬದಲಿಸುತ್ತೇನೆಂದರೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಮೊದಲು ಕೇಳುತ್ತೇನೆ.